ಹೊಸ ಮರದ ನಡುಕ

ಹೊಸ ಮರದಲ್ಲೂ ಅದೇ ನಡುಕ ಇತ್ತು. ಮಧ್ವೇಶ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಗೇಣುದ್ದದ ಮರದ ಕಾರನ್ನು ಬಲ ಅಂಗೈ ಮೇಲೆ ಇಟ್ಟುಕೊಂಡಿದ್ದ. ಮಗಳು ಮಾನ್ಯಾ ಅದರ ಮೂತಿಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಳು. ಕಾರಿನ ಬೆನ್ನಿಗೆ ಮೇಣದಲ್ಲಿ ಅಂಟಿಸಿದ್ದ ಕಡಲೆಕಾಳಿನಷ್ಟು ಸೆನ್ಸರ್ ಸುದ್ದಿ ಮುಟ್ಟಿಸಿತು. ಲ್ಯಾಪ್‌ಟಾಪಿನಲ್ಲಿ ಗೆರೆ ಒಮ್ಮೆ ಜಿಗಿದು, ಕುಗ್ಗುತ್ತ ಕುಗ್ಗುತ್ತ ಮಲಗಿತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ, ಯಾರೂ ತಟ್ಟದೆ, ಗೆರೆ ತಾನಾಗಿಯೇ ಎದ್ದು ಅಲೆಯತೊಡಗಿತು.

ಸ್ಕೌಟ್ ಮಕ್ಕಳ ಪೈನ್‌ವುಡ್ ಡರ್ಬಿಗೆ, ಅಂದರೆ ಮರದ ಪುಟ್ಟ ಕಾರುಗಳನ್ನು ಇಳಿಜಾರಿನ ಹಳಿಯಲ್ಲಿ ಬಿಡುವ ಪಂದ್ಯಕ್ಕೆ, ಇನ್ನು ಒಂದು ಗಂಟೆಯೂ ಇರಲಿಲ್ಲ. ಹೋದ ವರ್ಷ ತಮ್ಮೂರು ಸೀಡರ್ ಪಾರ್ಕಿನ ಇದೇ ಪಂದ್ಯದಲ್ಲಿ ಮಾನ್ಯಾಳ ಕಾರು ಇಳಿಜಾರಿನ ಉದ್ದಕ್ಕೂ ಗಡಗಡ ಅಲ್ಲಾಡಿ ಕೊನೆಗೆ ಬಂದಿತ್ತು. ಹಳಿಯ ಜೋಡಣೆಯೇ ಸರಿಯಿಲ್ಲ ಎಂದು ಮಧ್ವೇಶ ವಾದಿಸಿದಾಗ, ಗೆಳೆಯ ಪ್ರಶಾಂತ್ ಎಲ್ಲರ ಎದುರಿಗೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕಿದ್ದ. ಮಾತು ಚುಚ್ಚಿದ್ದಕ್ಕೆ ಕಾರಣವೂ ಇತ್ತು. ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಮಧ್ವೇಶನ ಉದ್ಯೋಗವೇ ನಡುಕ ಹುಡುಕುವುದು. ದೂರದ ಹೈವೇಯಲ್ಲಿ ಲಾರಿ ಹೋದರೂ ಅಲ್ಲಿ ನೆಲ ಕದಲಬಾರದು. ಅಂಥವನ ಮನೆಯ ಆಟಿಕೆ ಅಲ್ಲಾಡುವುದೆಂದರೆ! ಈ ಸಲ ಹಾಗಾಗುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದ.

ಮಾತು ಉಳಿಸಿಕೊಳ್ಳಲು ಪಡಬಾರದ ಪಾಡೆಲ್ಲ ಪಟ್ಟ. ಸೊಂಟ ತೆಳ್ಳಗಾಗಿ ಕಾರು ಬಳುಕುತ್ತಿದೆ ಎಂದು ಕೆಳಭಾಗಕ್ಕೆ ಗಟ್ಟಿಮರದ ಪಟ್ಟಿ ಅಂಟಿಸಿದ. ತೂಕದ ಗುಂಡುಗಳನ್ನು ಹಿಂದಿನ ಗಾಲಿಯ ಹತ್ತಿರಕ್ಕೆ ಸರಿಸಿ, ಅವು ಕದಲದಂತೆ ಗೋಂದು ತುಂಬಿದ. ಕೊನೆಗೆ ಆ ಕಾರನ್ನೇ ಮೂಲೆಗೆ ಎಸೆದು ಹೊಸ ತುಂಡಿನಿಂದ ಇನ್ನೊಂದನ್ನು ಕೆತ್ತಿದ. ವಿಚಿತ್ರವೆಂದರೆ, ಉಪ್ಪುಕಾಗದ ಹಿಡಿದು ಉಜ್ಜುವಾಗ ನಡುಕ ಎಲ್ಲೋ ಅಡಗಿರುತ್ತಿತ್ತು. ಇವನು ಕೈಚೆಲ್ಲಿ ಸುಮ್ಮನೆ ಕೂತ ಕೂಡಲೇ ಶುರುವಾಗುತ್ತಿತ್ತು. ಮೇಜಿನ ಮೇಲಿಟ್ಟರೆ ಗೆರೆ ನೆಟ್ಟಗೆ ನಿಲ್ಲುತ್ತಿತ್ತು. ಗಟ್ಟಿ ಮೇಜು ನಡುಕವನ್ನು ನುಂಗುತ್ತದೆ, ಮೆತ್ತನೆಯ ಅಂಗೈ ನುಂಗುವುದಿಲ್ಲ ಎಂದು ಅವನು ಮಗಳಿಗೆ ಪಾಠ ಹೇಳಿದ. ಆದರೆ ತಾನು ಸುಮ್ಮನಾಗುವುದನ್ನೇ ಅದು ಕಾದು ಕೂತಿರುತ್ತದೆ ಅನ್ನಿಸಿ ಹಾಡಹಗಲಲ್ಲೇ ಅವನಿಗೆ ಭಯವಾಯಿತು.

ಉಷಾ ಕಾಫಿ ತಂದವಳು ಬಾಗಿಲಲ್ಲೇ ನಿಂತಳು.

"ಇಲ್ಲಿರೋ ಫ್ರಿಜ್ ಯಾಕ್ರೀ ಆಫ್ ಮಾಡಿದ್ದೀರ? ದೋಸೆ ಹಿಟ್ಟು ಹುಳಿಯಾಗುತ್ತೆ."

ಫ್ರಿಜ್ಜಿನ ಮೋಟರಿನಿಂದ ನೆಲ ನಡುಗುತ್ತಿರಬಹುದು, ಅದಕ್ಕೇ ಈಗಷ್ಟೇ ಆರಿಸಿದೆ ಎಂದು ಅವನು ವಿವರಿಸಿದ. ಅವಳು ಲೋಟವನ್ನು ಅವನ ಪಕ್ಕಕ್ಕಿಟ್ಟಳು.

"ಇದೇನು, ಇವತ್ತೂ ಅರ್ಧ ಲೋಟ?"

"ಕುಡೀರಿ, ಬೇಕಾದ್ರೆ ಮತ್ತೆ ಕೊಡ್ತೀನಿ," ಎಂದಳು, ಅವನ ಮುಖ ನೋಡದೆ. ಕೆಲವು ತಿಂಗಳಿಂದ ಇದೇ ಉತ್ತರ. ಹೆಂಡತಿ ಕಾಫಿಯಲ್ಲೂ ಜಿಪುಣಿಯಾದಳಲ್ಲ ಎಂದು ಅವನು ಮನಸ್ಸಿನಲ್ಲೇ ಗೊಣಗಿಕೊಂಡ. ಅವಳು ಒಳಗೆ ಹೋದಳು.

ಮಾನ್ಯಾಗೆ ಪೆನ್ಸಿಲ್ ಕೆಲಸ ಸಾಕಾಗಿತ್ತು. "ಕ್ಯಾನ್ ಐ ಹೋಲ್ಡ್ ಇಟ್, ಅಪ್ಪ?" ಎಂದಳು.

"ನೀನು ಅಲ್ಲಾಡಿಸ್ತೀಯ ಪುಟ್ಟಿ."

ಅವಳು ಕೇಳದೆ ಕಾರನ್ನು ಎತ್ತಿ ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಇವನು ಪೆನ್ಸಿಲಿನಿಂದ ತಟ್ಟಿದ. ಗೆರೆ ಜಿಗಿಯಿತು, ಕುಗ್ಗಿತು, ಮಲಗಿತು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಎಷ್ಟು ಕಾದರೂ ಗೆರೆ ಎಳೆದು ಹಿಡಿದ ದಾರದ ಹಾಗೆ ನೆಟ್ಟಗೇ ಇತ್ತು. ಅಂತೂ ಫ್ರಿಜ್ಜೇ ಕಳ್ಳ ಎಂದು ಮಧ್ವೇಶನಿಗೆ ಜೀವ ಬಂದ ಹಾಗಾಯಿತು. ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ಕಾರನ್ನು ವಾಪಸು ತೆಗೆದುಕೊಂಡ, ಕೈಯನ್ನು ತೊಡೆಯ ಮೇಲೆ ಇಳಿಬಿಟ್ಟು ಕೂತ. ಗೆರೆ ಎದ್ದಿತು.

ಮಾನ್ಯಾ ಈಗ ಲ್ಯಾಪ್‌ಟಾಪಿನ ಕಡೆ ನೋಡುತ್ತಿರಲಿಲ್ಲ. ಏನೋ ಯೋಚಿಸಿ, ಕಾರಿನ ಬೆನ್ನಿಂದ ಸೆನ್ಸರನ್ನು ಕಿತ್ತು ಅಪ್ಪನ ಅಂಗೈಗೇ ಒತ್ತಿ ಅಂಟಿಸಿದಳು. ಕಾರನ್ನು ಮೇಜಿನ ಮೇಲಿಟ್ಟಳು. ಬರಿಗೈ ತೊಡೆಯ ಮೇಲೆ ಬಿದ್ದಿತ್ತು. ಗೆರೆ ಅಲೆಯುತ್ತಲೇ ಇತ್ತು, ಅದೇ ಲಯದಲ್ಲಿ.

ಮಧ್ವೇಶ ತನ್ನ ಕೈಯನ್ನು ಹೊಸದಾಗಿ ನೋಡುವವನಂತೆ ನೋಡಿದ. ಹೆಬ್ಬೆರಳು ತೋರುಬೆರಳನ್ನು ಸವರುತ್ತ ಹಿಂದಕ್ಕೂ ಮುಂದಕ್ಕೂ ಉರುಳುತ್ತಿತ್ತು. ಉಡುಪಿಯ ಅಜ್ಜನ ಬೆರಳೂ ಹೀಗೇ ಉರುಳುತ್ತಿತ್ತು. ಜಪಸರ ಕೈಯಲ್ಲಿಲ್ಲದಾಗಲೂ ಅಜ್ಜ ಮಣಿ ಎಣಿಸುತ್ತಾನೆ ಎಂದು ಚಿಕ್ಕಂದಿನಲ್ಲಿ ಇವನು ಬೆರಗಾಗಿದ್ದ. ಅಜ್ಜ ಕೊನೆಗೆ ತುತ್ತನ್ನೂ ತಾನಾಗಿ ಎತ್ತಲಾರದೆ ಹೋಗಿದ್ದ. ನಿಲ್ಲು ಎಂದು ಮಧ್ವೇಶ ಬೆರಳಿಗೆ ಹೇಳಿದ. ಅದು ಕೇಳಲಿಲ್ಲ.

"ಸೋ ದ ಕಾರ್ ಈಸ್ ಫೈನ್," ಎಂದಳು ಮಾನ್ಯಾ. ಅವಳಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಕಾರನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಸ್ಕೌಟ್ ಶರ್ಟು ಹಾಕಿಕೊಳ್ಳಲು ಒಳಗೆ ಓಡಿದಳು.

ಮಧ್ವೇಶನ ಬಾಯಿ ಒಣಗಿತ್ತು. ಅದೇ ಕೈಯಿಂದ ಕಾಫಿ ಲೋಟ ಎತ್ತಿಕೊಂಡ. ಕಾಫಿ ಅಂಚಿನವರೆಗೆ ಏರಿ ಬಂತು, ಹಿಂದಕ್ಕೆ ಹೋಯಿತು, ಮತ್ತೆ ಏರಿ ಬಂತು. ಒಂದು ಹನಿಯೂ ಚೆಲ್ಲಲಿಲ್ಲ. ಉಷಾಳ ಅಳತೆ ಸರಿಯಾಗಿಯೇ ಇತ್ತು.