ಬೇಲಿಗೂ ಕಿವಿಯುಂಟು

ಗೋಡೆಯ ಮೇಲಿನ ಟೆಲಿಫೋನು ಎರಡು ಸಲ ಉದ್ದಕ್ಕೆ, ಒಂದು ಸಲ ಮೊಟಕಾಗಿ ಬಡಿದುಕೊಂಡಿತು. ಹಾಗೆ ಬಡಿದುಕೊಂಡರೆ ಕರೆ ಶಾಲೆಗೆಂದು ಅರ್ಥ. ಶಾಲೆಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ ಟೀಚರು ಸಿಗ್ರಿಡ್ ಬಂದು ರಿಸೀವರನ್ನು ಕಿವಿಗಿಟ್ಟಳು.

"ನಾ... ನಾನು ಒನುಫ್ರಿ."

ಮುಂದಿನ ಮಾತು ಹೊರಡುವ ಮೊದಲೇ ಟಕ್, ಟಕ್, ಟಟಕ್ ಎಂದು ಊರಿನ ರಿಸೀವರುಗಳೆಲ್ಲ ಮೇಲೆದ್ದವು. ಹುಲ್ಲುಬಯಲಿನ ನಡುವಿನ ಆ ವೆರ್ಬಾ ಎಂಬ ಊರಿನಲ್ಲಿ ಟೆಲಿಫೋನಿಗೆಂದು ಕಂಬಗಳಿರಲಿಲ್ಲ. ಮೊದಲು ಬಂದು ನೆಲ ಉತ್ತವರು ಹೊಲದ ಮುಳ್ಳುತಂತಿಯನ್ನೇ ಮನೆಯಿಂದ ಮನೆಗೆ ಜೋಡಿಸಿ ಮಾತು ಹರಿಸಿದ್ದರು. ಒಬ್ಬರ ಕರೆ ಎಲ್ಲರ ಮನೆಯಲ್ಲೂ ಬಡಿಯುತ್ತಿತ್ತು. ಬೇರೆ ಊರುಗಳಲ್ಲಿ ಬೇಲಿ ಎದ್ದು ಹೊಲ ಮೇಯುತ್ತದಂತೆ. ಇಲ್ಲಿನ ಬೇಲಿ ಗುಟ್ಟು ಮೇಯುತ್ತಿತ್ತು. ಆದರೆ ಕದ್ದು ಕೇಳುವವರು ಹೆಚ್ಚಿದಷ್ಟೂ, ನೆಂಟರು ಹೆಚ್ಚಿದ ಮನೆಯ ಸಾರಿನಂತೆ, ಮಾತು ತೆಳ್ಳಗಾಗುತ್ತಿತ್ತು.

ಯಾರ್ಯಾರು ಕೇಳುತ್ತಿದ್ದಾರೆಂದು ಸಿಗ್ರಿಡ್‌ಗೆ ಸದ್ದಿನಲ್ಲೇ ಗೊತ್ತು. ಗೊರಗೊರ ಉಸಿರು, ಗೋಧಿ ಗೋದಾಮಿನ ಅಂಗಸ್. ಕುದಿಯುವ ಬೀಟ್‌ರೂಟ್ ಸಾರಿನ ತಕತಕ, ಜೊತೆಗೆ ಸೂರ್ಯಕಾಂತಿ ಬೀಜ ಕಡಿಯುವ ಕಟಕಟ, ಪರಾಸ್ಕಾ ಅಜ್ಜಿ. ಗೊತ್ತಿಲ್ಲದ್ದು ಒಂದೇ: ಒನುಫ್ರಿ ಏನು ಹೇಳುತ್ತಾನೆ ಎಂಬುದು. ಚಳಿ ಶುರುವಾದಾಗಿನಿಂದ ಅವನು ಶಾಲೆಗೆ ಸೌದೆ ತಂದು, ಅಂದವಾಗಿ ಒಟ್ಟಿ, "ಗಾಳಿ ಜೋರು" ಎಂದು ಹೋಗಿಬಿಡುತ್ತಿದ್ದ. ಸೌದೆ ಒಟ್ಟಿದಂತೆ ಮಾತು ಒಟ್ಟಲು ಅವನಿಗೆ ಬಾರದು. ಈ ರಾತ್ರಿಯ ಹಿಮಗಾಳಿಯಲ್ಲೂ ಹಳಿಯ ಹಿಮ ತೆಗೆಯುತ್ತಿದ್ದಾರೆ, ನಾಳೆ ಬೆಳಗ್ಗೆ ರೈಲು ಬರುತ್ತದೆ. ರಿಜೈನಾ ಪಟ್ಟಣದ ದೊಡ್ಡ ಶಾಲೆಯವರು ಅವಳಿಗೆ ಕೆಲಸ ಕೊಟ್ಟಿದ್ದಾರೆ. ಇರು ಅನ್ನುವವರಿಲ್ಲದೆ ಇರುವುದು ಹೇಗೆ?

"ಏನಂದ್ರಿ? ಕೇಳಿಸ್ತಿಲ್ಲ."

"...ಹಸು... ಇಬ್ಬರಿಗೆ..." ಸೊಳ್ಳೆ ಗುಂಯ್ ಎಂದಂತೆ ಏನೋ ಬಂತು.

ಉಳಿದವರು ಇಟ್ಟುಬಿಟ್ಟಿದ್ದರೆ ಕೇಳಿಸುತ್ತಿತ್ತು. ಆದರೆ ಇಡುವಾಗ ಟಕ್ ಅನ್ನುತ್ತದೆ. ಟಕ್ ಅಂದರೆ ಕದ್ದು ಕೇಳುತ್ತಿದ್ದೆನೆಂದು ಒಪ್ಪಿಕೊಂಡಂತೆ. ಎತ್ತುವಾಗಲೂ ಟಕ್ ಅಂದಿತ್ತಲ್ಲ ಎಂದು ಯಾರೂ ಕೇಳುವಂತಿರಲಿಲ್ಲ. ವೆರ್ಬಾದವರು ಮರ್ಯಾದಸ್ಥರು. ಒಬ್ಬರೂ ಇಡಲಿಲ್ಲ.

ಕೊನೆಗೆ ಬೀಜದ ಕಟಕಟ ನಿಂತಿತು. "ಅವನು ಮದುವೆ ಆಗ್ತೀಯಾ ಅಂತ ನಿನ್ನ ಕೇಳ್ತಿದಾನೆ ಕಣೇ," ಎಂದು ಕೂಗಿದಳು ಪರಾಸ್ಕಾ ಅಜ್ಜಿ.

"ಎಲ್ಲಿ ಕೇಳ್ದ? ಇನ್ನೂ ಹಸು ಹತ್ರಾನೇ ನಿಂತಿದಾನೆ," ಅಂಗಸ್ ಗೊರಗುಟ್ಟಿದ.

"ಹಸು ಆದ್ಮೇಲೆ ಅದೇ ಬರೋದು. ನಮ್ಮ ಯಜಮಾನ್ರೂ ಹಸುವಿಂದಾನೇ ಶುರು ಮಾಡಿದ್ರು. ನೀನು ಸುಮ್ನಿರು." ಅಜ್ಜಿ ದನಿಯನ್ನು ದಪ್ಪ ಮಾಡಿಕೊಂಡು ಥೇಟ್ ಒನುಫ್ರಿಯಂತೆ ತಡವರಿಸಿದಳು: "ಟೀ... ಟೀಚರಮ್ಮ, ನಾ... ನಾಳೆ ರೈಲು ಹತ್ತಬೇಡಿ."

ಊರಿನ ಅಡುಗೆಮನೆಗಳೆಲ್ಲ ಒಟ್ಟಿಗೆ ನಕ್ಕವು. ಸಿಗ್ರಿಡ್‌ಗೂ ನಗು ಬಂತು, ನಗುವಿನ ಹಿಂದೆಯೇ ಕಣ್ಣೂ ತುಂಬಿತು. "ಅಜ್ಜಿ, ಈ ಮಾತು ನಿಮ್ಮ ಬಾಯಲ್ಲಿ ಬೇಡ. ಕೇಳೋದಿದ್ರೆ ಅವರೇ ಬಂದು ಕೇಳ್ಲಿ."

"ಈ ಹಿಮಗಾಳೀಲಾ? ನಮ್ಮ ಮೂಗು ನಮಗೇ ಕಾಣ್ತಿಲ್ಲ."

ಟಕ್. ಒನುಫ್ರಿ ಇಟ್ಟುಬಿಟ್ಟಿದ್ದ.

"ಹೆದರ್ಕೊಂಡ, ಪಾಪ," ಎಂದ ಅಂಗಸ್. ಸಿಗ್ರಿಡ್ ರಿಸೀವರು ಸಿಕ್ಕಿಸಿ ಪೆಟ್ಟಿಗೆಯ ಕಡೆ ಹೋದಳು. ಒಂದೇ ಲಂಗವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಪೆಟ್ಟಿಗೆಯ ಮುಚ್ಚಳ ಹಾಕಬೇಕು, ಆಗ ಟೆಲಿಫೋನು ಬಿಡದೆ ಬಡಿದುಕೊಳ್ಳತೊಡಗಿತು. ಅದು ಇಡೀ ಊರನ್ನು ಕೂಗುವ ಗಂಟೆ. ಎಲ್ಲಾದರೂ ಬೆಂಕಿ ಬಿದ್ದರೆ ಮಾತ್ರ ಬಾರಿಸುವಂಥದ್ದು.

"ಒನುಫ್ರಿ ಬೇಲಿ ಹಿಡ್ಕೊಂಡು ಹೊರಟಿದಾನೆ," ಅವನ ಪಕ್ಕದ ಹೊಲದವಳು ಏದುಸಿರಲ್ಲಿ ಹೇಳುತ್ತಿದ್ದಳು. "ನಮ್ಮ ಗೇಟು ದಾಟ್ದ. ಎಲ್ರೂ ಲಾಟೀನು ಹಚ್ಚಿ ಹೊರಗೆ ಹಿಡೀರಪ್ಪ." ಹೇಳಿ ಟಕ್ಕೆಂದು ಇಟ್ಟಳು, ಯಾವ ನಾಚಿಕೆಯೂ ಇಲ್ಲದೆ.

ಸಿಗ್ರಿಡ್ ರಿಸೀವರನ್ನು ಕಿವಿಗೊತ್ತಿಕೊಂಡೇ ನಿಂತಳು. ಅವನು ಒಂದೊಂದು ಗೇಟು ದಾಟಿದಂತೆಲ್ಲ ಒಂದೊಂದು ಮನೆ ಸುದ್ದಿ ಹೇಳಿ ರಿಸೀವರು ಇಡುತ್ತಿತ್ತು. "ನಮ್ಮದೂ ದಾಟ್ದ. ಬೇಲಿ ಬಿಡಬೇಡ ಅಂತ ಕೂಗಿ ಹೇಳಿದೀನಿ," ಎಂದು ಅಂಗಸ್ ಇಟ್ಟ. ಮನೆಗಳು ಕಳಚಿದಷ್ಟೂ ದನಿ ತಿಳಿಯಾಗುತ್ತ ಬಂತು. ಕೊನೆಗೆ ಉಳಿದ ಪರಾಸ್ಕಾ ಅಜ್ಜಿ ಪಕ್ಕದಲ್ಲೇ ನಿಂತು ಮಾತಾಡಿದಂತಿತ್ತು.

"ಬಿಸಿ ಸಾರು ಕುಡ್ಕೊಂಡು ಹೋಗೋ ಅಂದೆ ಕಣೇ. ನನ್ನ ಸಾರು ಬಿಟ್ಟು ಹೋದ. ಇವತ್ತು ಕೇಳೇ ಕೇಳ್ತಾನೆ ಬಿಡು."

ಬಾಗಿಲು ಬಡಿದ ಸದ್ದಾಯಿತು. ರಿಸೀವರನ್ನು ಕೊಕ್ಕೆಗೆ ಸಿಕ್ಕಿಸಹೋದ ಸಿಗ್ರಿಡ್ ಒಂದು ಗಳಿಗೆ ನಿಂತಳು. ಊರೇ ಕೈಹಿಡಿದು ಕರೆತಂದಿದೆ ಅವನನ್ನು. ರಿಸೀವರನ್ನು ಹಾಗೇ ನೇತಾಡಲು ಬಿಟ್ಟು ಬಾಗಿಲು ತೆರೆದಳು.

ಹುಬ್ಬಿನ ಮೇಲೆ ಹಿಮ ಹೊತ್ತು ಒನುಫ್ರಿ ನಿಂತಿದ್ದ. ಅವನ ಬಲಗೈಯ ಉಣ್ಣೆಗವಸನ್ನು ಮುಳ್ಳುತಂತಿ ಎಳೆಎಳೆಯಾಗಿ ಬಿಚ್ಚಿಹಾಕಿತ್ತು.

"ನನ್ನ ಹತ್ರ ಒಂದು ಹಸು ಇದೆ," ಎಂದ.

"ಗೊತ್ತು."

"ಹಾಲು ಒಬ್ಬನಿಗೆ ಜಾಸ್ತಿ ಆಗುತ್ತೆ. ನೀವು... ನೀವು ಇಲ್ಲೇ ಇದ್ಬಿಡಿ. ನನ್ನ ಜೊತೆ."

ಅವಳು ಅವನ ಹರಿದ ಗವಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನಿಗಷ್ಟೇ ಕೇಳುವಂತೆ, "ಹೂಂ" ಎಂದಳು.

ಅವಳ ಹಿಂದೆ, ಗೋಡೆಯಲ್ಲಿ ನೇತಾಡುತ್ತಿದ್ದ ರಿಸೀವರಿನೊಳಗೆ ಟಕ್, ಟಕ್, ಟಟಕ್ ಎಂದಿತು. ಆಮೇಲೆ ಗೊರಗೊರ ಉಸಿರಿನೊಂದಿಗೆ ಒಂದು ದನಿ:

"ಸ್ವಲ್ಪ ಗಟ್ಟಿಯಾಗಿ ಹೇಳಮ್ಮ, ಈ ಕಡೆ ಕೇಳಿಸ್ತಿಲ್ಲ."