ದಿನದ ಚಾ

"ವಿಡಿಯೋ ಇನ್ನೂ ಹಿಂದಕ್ಕ ಸರಸ್ರಿ ಅಕ್ಕಾರ. ಉಂಗುರಾ ಕದ್ದಿ ಅಂದೀರಲ್ಲ, ಕಣ್ಣಾರೆ ನೋಡೇ ಹೋಗತೇನಿ," ಎಂದು ಕೆಲಸದ ಫಕ್ಕೀರವ್ವ ಒಡತಿಯ ಮೊಬೈಲಿಗೆ ಬಗ್ಗಿದಳು. ಅಡುಗೆಮನೆಯ ಕ್ಯಾಮೆರಾ ಅವಳ ಮೇಲೆ ಕಣ್ಣಿಡಲೆಂದೇ ಹಾಕಿಸಿದ್ದು.

ಪರದೆಯಲ್ಲಿ, ಕಣಕ ನಾದುವ ಮುನ್ನ ಒಡತಿಯೇ ಉಂಗುರ ಬಿಚ್ಚಿ ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟಳು.

"ಅಯ್ಯ, ನನ್ನ ಮರವಿಗೆ ಬೆಂಕಿ ಹತ್ತಲಿ!" ಒಡತಿ ಮೊಬೈಲನ್ನು ಅವಳ ಕೈಗೇ ಬಿಟ್ಟು ಒಲೆಯತ್ತ ತಿರುಗಿದಳು. "ಸಿಟ್ಟಾಗಬ್ಯಾಡ, ಕೂಡು. ನಮ್ಮನಿ ಚಾ ಅಂದ್ರ ನಿನಗ ಜೀವ ಅಲ್ಲೇನು?"

ಪರದೆಯಲ್ಲಿ ವಿಡಿಯೋ ಓಡುತ್ತಲೇ ಇತ್ತು. ಅದರಲ್ಲಿ, ಗಂಡ, ಮಕ್ಕಳು ಕುಡಿದು ಬಿಟ್ಟ ಎಂಜಲು ಚಾದ ಕಪ್ಪುಗಳನ್ನೆಲ್ಲ ಒಡತಿ ಪಾತ್ರೆಗೆ ಬಗ್ಗಿಸಿ, ಕುದಿಸಿ, ಫಕ್ಕೀರವ್ವನಿಗೆಂದೇ ಬೇರೆ ಇಟ್ಟ ಸ್ಟೀಲ್ ಲೋಟಕ್ಕೆ ಸುರಿದಳು.

ಫಕ್ಕೀರವ್ವ ಮೊಬೈಲನ್ನು ಕಟ್ಟೆಯ ಮೇಲೆ ಮಗುಚಿಟ್ಟಳು.

"ತಗೋ, ದಿನದಂಗ ಬಿಸಿಬಿಸಿ ಐತಿ."

"ಒಲ್ಲೆ."