ಮಾರ್ಕೆಟ್ಟಿಗೆ ಹೋಗುವ ಫೋನು

ಮಾವ ಕಿಟಕಿಯಲ್ಲಿಟ್ಟು ಹೋದ ಫೋನನ್ನು ರಹೀಮಾ ಎತ್ತಿಕೊಂಡಳು. ರೇಷ್ಮೆಗೂಡಿನ ರೇಟಿನ ಪುಟ ತೆರೆದೇ ಇತ್ತು. ಅದರ ಕೆಳಗೆ ಗುಲಾಬಿ ಬಣ್ಣದ ಜಾಹೀರಾತು: 'ಎದೆಯಲ್ಲಿ ಗಂಟೇ? ತಡಮಾಡಬೇಡಿ.' ಅವಳ ಜೀವ ಝಲ್ಲೆಂದಿತು. ಇದೇ ಫೋನು ಹಿಡಿದು ಮಾವ ಬಾಬಾಜಾನ್ ಬೆಳಗ್ಗೆಯೆಲ್ಲ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಕೂತು ಬಂದಿದ್ದರು!

ಮನೆಗೆಲ್ಲ ಇದ್ದದ್ದು ಅದೊಂದೇ ದೊಡ್ಡ ಫೋನು. ಗಂಡ ಸುಹೇಲನದು ನೂಲು ತೆಗೆಯುವಾಗ ಬಿಸಿನೀರಿನ ಬೇಸಿನ್ನಿಗೆ ಬಿದ್ದು ಗೂಡುಗಳ ಜೊತೆ ಬೆಂದುಹೋಗಿತ್ತು. ಗೂಡು ಕೊಳ್ಳುವ ಹರಾಜೆಲ್ಲ ಈಗ ಫೋನಿನಲ್ಲೇ ನಡೆಯುವುದರಿಂದ ಬೆಳಗ್ಗೆ ಅದು ಮಾವನ ಜೇಬಿನಲ್ಲಿ, ಮಧ್ಯಾಹ್ನ ಮನೆಯಲ್ಲಿ. ಸ್ನಾನ ಮಾಡುವಾಗ ಎದೆಯಲ್ಲಿ ಕಡಲೆಯಷ್ಟು ಗಂಟು ಕೈಗೆ ಸಿಕ್ಕಿದಂದಿನಿಂದ ರಹೀಮಾ ಮಧ್ಯಾಹ್ನವೆಲ್ಲ ಅದರ ಬಗ್ಗೆಯೇ ಫೋನಿನಲ್ಲಿ ಹುಡುಕಿ ಓದುತ್ತಿದ್ದಳು. ಓದಿದ ಪುಟವನ್ನು ಮುಚ್ಚಿಯೇ ಕೆಳಗಿಡುತ್ತಿದ್ದಳು. ಮುಚ್ಚಿದರೇನು ಬಂತು, ಆ ಹಾಳು ಬ್ರೌಸರು ಎಲ್ಲ ನೆನಪಿಟ್ಟುಕೊಂಡು ಊರಿಗೆಲ್ಲ ಡಂಗುರ ಹೊಡೆಯುತ್ತಿತ್ತು.

ಗಂಡನಿಗೆ ಹೇಳಬಾರದಿತ್ತೇ ಎಂದರೆ, ಹೇಳುವ ಬಾಯಿ ಬೇಕಲ್ಲ. ಅತ್ತೆ ತೀರಿಕೊಂಡದ್ದು ಇಂಥದೇ ಗಂಟಿನಿಂದ. ಆ ಮಾತು ಈ ಮನೆಯಲ್ಲಿ ಮತ್ತೆ ಏಳುವ ಮೊದಲು ತನಗಾದರೂ ನಿಜ ಗೊತ್ತಾಗಲಿ ಎಂದು ಅವಳು ಭಯವನ್ನು ನುಂಗಿಕೊಂಡಿದ್ದಳು. ಈಗ ಫೋನನ್ನು ದುಪಟ್ಟಾದ ಮರೆಯಲ್ಲಿಟ್ಟುಕೊಂಡು, ಬಿಸಿಎ ಓದುತ್ತಿದ್ದ ಪಕ್ಕದ ಮನೆಯ ಅಸ್ರಾಳ ಹತ್ತಿರ ಓಡಿದಳು.

"ಇದೇನ್ ಆಪಾ, ಇಷ್ಟೊಂದು ಟ್ಯಾಬು!" ಅಸ್ರಾ ನಕ್ಕಳು. "ನೂರು ದಾಟೈತೆ, ಎಣಿಸಿ ಸಾಕಾಗಿ ಫೋನೇ ಅಂಕಿ ಬದ್ಲು ನಗೋ ಮುಖ ತೋರಿಸ್ತಾ ಐತೆ."

"ಎಲ್ಲಾ ಅಬ್ಬಾಂದು. ತೆರ್ದಿರೋ ಪುಟ ಮುಚ್ಚಿದ್ರೆ ಬರ್ಕತ್ತು ಹೋಯ್ತದೆ ಅಂತಾರೆ. ಒಂದ್ಸಲ ನಾನೇ ಎಲ್ಲಾ ಅಳ್ಸಿದ್ದಕ್ಕೆ ಮಾರ್ಕೆಟ್ಟಿನ ಲಾಗಿನ್ನೂ ಹೋಗಿ, ಹರಾಜು ತಪ್ಪಿ, ಬರಿಗೈಲಿ ಬಂದಿದ್ರು."

"ಹಂಗಾದ್ರೆ ಅದನ್ನ ಮುಟ್ಟೋದು ಬ್ಯಾಡ. ನಿಮ್ಗೇ ಅಂತ ಬೇರೆ ಬ್ರೌಸರ್ ಹಾಕ್ಕೊಡ್ತೀನಿ. ಇದ್ ನೋಡಿ, ಟ್ಯಾಬೆಲ್ಲ ಗುಂಪು ಮಾಡಿ ಬೀಗ ಹಾಕ್ಬೋದು."

"ಬೀಗ ಕಂಡ್ರೆ ಒಳಗೇನೈತೆ ಅಂತ ಕೇಳ್ತಾರೆ ಕಣೇ."

"ಹಂಗಾದ್ರೆ ಈ ಇನ್ನೊಂದು ಹಾಕ್ತೀನಿ. ಜಾಹೀರಾತು ಹಿಂದಿಂದೆ ಬರಲ್ಲ. ಈ ಕಸದ ಬುಟ್ಟಿ ಒತ್ತಿದ್ರೆ ಟ್ಯಾಬು, ಹುಡ್ಕಿದ್ದು, ಎಲ್ಲಾ ಗುಡ್ಸಿ ಹಾಕ್ತದೆ. ಒತ್ತೋದು ಮಾತ್ರ ಮರೀಬೇಡಿ." ಅಸ್ರಾ ಕಣ್ಣು ಮಿಟುಕಿಸಿದಳು. "ಕದ್ದು ಏನ್ ನೋಡ್ತೀರಾ ಆಪಾ?"

"ಸೀರಿಯಲ್ಲು," ಎಂದು ರಹೀಮಾ ನಗಲು ಹೋದಳು. ಫೋನನ್ನು ಮತ್ತೆ ದುಪಟ್ಟಾದ ಮರೆಗೆ ಸೇರಿಸಿದಳು.

ಮರುದಿನ ಬೆಳಗ್ಗೆ ಮಾರ್ಕೆಟ್ಟಿಗೆ ಹೊರಟ ಬಾಬಾಜಾನ್ ಕನ್ನಡಕ ಏರಿಸಿ ಫೋನು ನೋಡಿದರು. "ಇದೇನಮ್ಮ, ಹೊಸಾದೊಂದು ಬಂದ್ಬುಟ್ಟೈತೆ?"

"ಅಸ್ರಾ ಹಾಕಿದ್ಲು ಅಬ್ಬಾ... ಅದೂ ನೆಟ್ಟು ನೋಡೋದೇ."

ಅವರು ಹ್ಞೂಂ ಎಂದು ಹೊರಟುಹೋದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತೆ ರಹೀಮಾಳಿಗೆ ಅನುಮಾನ ಶುರುವಾಯಿತು. ನಿನ್ನೆ ಕೊನೆಗೆ ಕಸದ ಬುಟ್ಟಿ ಒತ್ತಿದೆನೋ ಇಲ್ಲವೋ? ಒತ್ತಿದ ಹಾಗೂ ನೆನಪು, ಒತ್ತದ ಹಾಗೂ ನೆನಪು. ನೂಲು ತೆಗೆಯಲು ಕೂತರೆ ಎಳೆ ಮತ್ತೆ ಮತ್ತೆ ಹರಿಯಿತು. "ಏನಾಗೈತೆ ನಿಂಗಿವತ್ತು?" ಎಂದು ಸುಹೇಲ್ ಗದರಿದ.

ಮಧ್ಯಾಹ್ನ ಆಟೋ ಬಂದು ನಿಂತಿತು. ಬಾಬಾಜಾನ್ ಇಳಿದರು. ಅವರ ಹಿಂದೆ ಗೂಡಿನ ಚೀಲ ಇಳಿಯಲಿಲ್ಲ.

"ಗೂಡೆಲ್ಲಿ ಅಬ್ಬಾ?" ಎಂದ ಸುಹೇಲ್.

"ಹರಾಜು ತಪ್ಪೋಯ್ತು," ಎಂದಷ್ಟೇ ಹೇಳಿ, ಫೋನನ್ನು ಕಿಟಕಿಯಲ್ಲಿಟ್ಟು ಅವರು ಕೈಕಾಲು ತೊಳೆಯಲು ಹೋದರು. ರಹೀಮಾ ಕಿಟಕಿಗೆ ಓಡಿದಳು. ಮತ್ತೆ ಲಾಗಿನ್ ಹೋಯಿತೇ? ತನ್ನ ಗುಟ್ಟಿನ ಹುಚ್ಚಿಗೆ ಮನೆಯ ಒಂದು ದಿನದ ಕೆಲಸವೇ ಮಣ್ಣಾಯಿತಲ್ಲ. ಹಳೆಯ ಬ್ರೌಸರು ತೆರೆದಳು. ಮಾರ್ಕೆಟ್ಟಿನ ಪುಟ ಇದ್ದಲ್ಲೇ ಇತ್ತು, ನಗುವ ಮುಖವೂ ಇತ್ತು. ಹೊಸದನ್ನು ತೆರೆದಳು.

ಅವಳು ಹುಡುಕಿದ್ದು ಯಾವುದೂ ಅಲ್ಲಿರಲಿಲ್ಲ. ಬುಟ್ಟಿ ಒತ್ತಿಯೇ ಇದ್ದಳು. ಆದರೆ ಒಂದೇ ಒಂದು ಟ್ಯಾಬು ತೆರೆದಿತ್ತು. ಬೆಂಗಳೂರಿನ ಒಂದು ಆಸ್ಪತ್ರೆ, ಹೆಂಗಸರ ವಿಭಾಗ, ಒಬ್ಬ ಡಾಕ್ಟರಮ್ಮನ ಹೆಸರು, ನೋಡುವ ವೇಳೆ. ಮುದಿಗಣ್ಣಿಗೆ ಕಾಣಲೆಂದು ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಲಾಗಿತ್ತೆಂದರೆ, ಡಾಕ್ಟರ ಹೆಸರೊಂದೇ ಪರದೆ ತುಂಬಿತ್ತು.

ಅವಳು ತಲೆ ಎತ್ತಿದಳು. ಬಾಬಾಜಾನ್ ಟವೆಲಿನಲ್ಲಿ ಮುಖ ಒರೆಸುತ್ತ ಬಾಗಿಲಲ್ಲಿ ನಿಂತಿದ್ದರು. ಸೊಸೆಯ ಕಡೆ ನೋಡಲಿಲ್ಲ, ಒರೆಸುವುದನ್ನೂ ನಿಲ್ಲಿಸಲಿಲ್ಲ.

"ಆ ಗುಲಾಬಿ ಜಾಹೀರಾತು ನಾಕೈದು ದಿನದಿಂದ ನೋಡ್ತಾ ಇವ್ನಿ ಕಣಮ್ಮ. ಸುಮ್ಸುಮ್ನೆ ಬರಲ್ಲ, ಯಾರಾದ್ರೂ ಹುಡ್ಕಿದ್ರೇನೇ ಬರೋದು ಅಂತ ಮಾರ್ಕೆಟ್ಟಲ್ಲಿ ಹುಡುಗ್ರು ಹೇಳಿದ್ರು. ಹಳೇದ್ರಲ್ಲಿ ಹುಡ್ಕಿದ್ರೆ ಅಂಥವೇ ಇನ್ನಷ್ಟು ಬಂದು, ರೇಟು ನೋಡೋರೆಲ್ಲ ಇಣುಕ್ತಾರೆ. ಅದ್ಕೇ ಒಂದ್ ಮೂಲೇಲಿ ಕೂತು ಇದ್ರಲ್ಲಿ ಹುಡುಕ್ದೆ. ಹುಡುಕೋದ್ರಲ್ಲೇ ಹರಾಜು ಮುಗ್ದೋಯ್ತು." ಒರೆಸುತ್ತಿದ್ದ ಟವೆಲು ಮುಖದ ಮೇಲೇ ನಿಂತಿತು. "ನಿಮ್ಮತ್ತೆ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಅದನ್ನ ಅಳಿಸ್ಬೇಡ."

ರಹೀಮಾಳ ಕಣ್ಣು ತುಂಬಿ ಪರದೆಯೆಲ್ಲ ಮಂಜಾಯಿತು. ಅಷ್ಟರಲ್ಲಿ ಬಾಬಾಜಾನ್ ನೂಲು ತೆಗೆಯುವ ಶೆಡ್ಡಿನ ಕಡೆ ತಿರುಗಿ, ದಿನವೂ ಬೈಯುವ ಅದೇ ಗಟ್ಟಿ ದನಿಯಲ್ಲಿ ಕೂಗಿದರು:

"ಲೋ ಸುಹೇಲ್, ನಾಳೆ ಬೇಸಿನ್ನಿನ ಒಲೆ ಹಚ್ಬೇಡ ಕಣ್ಲಾ. ನಾಳೆ ಫೋನು ಮಾರ್ಕೆಟ್ಟಿಗೆ ಹೋಗಲ್ಲ, ರಹೀಮಾ ಜೊತೆ ಬೆಂಗ್ಳೂರಿಗೆ ಹೋಯ್ತದೆ. ನೀನೂ ಹೋಗು."